ನೋವಿಲ್ಲದಾಗಲೇ ಬಾಯಿ ತೋರಿಸಿರಿ

ಹೊಲದಲ್ಲಿ ಬೆಳೆದು ನಿಂತ ಪೈರಿಗೆ ರೋಗ ತಗುಲಿದಾಗ ಅನುಭವಿಯಾದ ರೈತನು ಗಿಡವೆಲ್ಲ ಬಾಡುವವರೆಗೆ ಕಾಯುವುದಿಲ್ಲ. ಎಲೆಯ ಮೇಲೆ ಮೊದಲ ಚುಕ್ಕೆ ಕಂಡೊಡನೆ ಅದನ್ನು ಕಿತ್ತು ತಂದು ಬಲ್ಲವರಿಗೆ ತೋರಿಸುತ್ತಾನೆ. ಪೈರಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ನಮ್ಮ ಬಾಯಿಯ ವಿಷಯದಲ್ಲಿ ಉದಾಸೀನರಾಗಿದ್ದೇವೆ. ಹಲ್ಲು ತಡೆಯಲಾರದಷ್ಟು ನೋಯುವವರೆಗೆ ನಮ್ಮಲ್ಲಿ ಬಹಳ ಮಂದಿ ದಂತವೈದ್ಯರ ಬಳಿಗೆ ಹೋಗುವುದೇ ಇಲ್ಲ. ಹೋದರೂ ನೋಯುವ ಒಂದು ಹಲ್ಲನ್ನು ತೋರಿಸಿ, ಕೀಳಿಸಿಕೊಂಡು ಹಿಂತಿರುಗುತ್ತಾರೆ. ಕೆನ್ನೆಯ ಒಳಭಾಗ, ನಾಲಗೆಯ ಅಂಚು, ನಾಲಗೆಯ ಅಡಿಭಾಗ ಇವು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತವೆ. ಬಾಯಿಯ ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಇಂತಹ ಎಡೆಗಳಲ್ಲಿಯೇ. ಆರಂಭದಲ್ಲಿ ಅದಕ್ಕೆ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವು ಕಾಣಿಸಿಕೊಳ್ಳುವ ವೇಳೆಗೆ ರೋಗವು ಎಷ್ಟೋ ದೂರ ಸಾಗಿರುತ್ತದೆ.

ಆದುದರಿಂದ ದಂಪತಿಗಳಾದ ನೀವಿಬ್ಬರೂ ಬಾಯಿಯ ಪೂರ್ಣ ಪರೀಕ್ಷೆಯನ್ನು ಯಾವಾಗ, ಎಲ್ಲಿ, ಹೇಗೆ ಮಾಡಿಸಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಬಾಯಿಯ ಕ್ಯಾನ್ಸರ್ ಎಂದರೇನು?

ಕ್ಯಾನ್ಸರಿಗೆ ನಮ್ಮಲ್ಲಿ ಅರ್ಬುದ ರೋಗ, ಏಡಿಗಂತಿ ಎಂಬ ಹೆಸರುಗಳೂ ಉಂಟು. ನಮ್ಮ ದೇಹವು ಅಸಂಖ್ಯಾತ ಜೀವಕೋಶಗಳಿಂದ ಆಗಿದೆ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುವುದು ಒಂದು ಕ್ರಮಕ್ಕೆ ಒಳಪಟ್ಟಿರುತ್ತದೆ. ಯಾವುದೋ ಕಾರಣದಿಂದ ಈ ಕ್ರಮ ತಪ್ಪಿ, ಕೆಲವು ಕೋಶಗಳು ಅಂಕೆಯಿಲ್ಲದೆ ಬೆಳೆಯತೊಡಗಿ ಸುತ್ತಲಿನ ಭಾಗವನ್ನು ಆಕ್ರಮಿಸುವುದೇ ಕ್ಯಾನ್ಸರ್. ತುಟಿ, ಕೆನ್ನೆಯ ಒಳಭಾಗ, ವಸಡು, ನಾಲಗೆ, ನಾಲಗೆಯ ಅಡಿಭಾಗ, ಅಂಗಳು ಇವುಗಳಲ್ಲಿ ಎಲ್ಲಿಯಾದರೂ ಅದು ತಲೆದೋರಬಹುದು. ಭಾರತದ ಗಂಡಸರಲ್ಲಿ ಕಂಡುಬರುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರೇ ಮುಂಚೂಣಿಯಲ್ಲಿದೆ. ಹೆಂಗಸರಿಗೂ ಇದು ತಪ್ಪಿದ್ದಲ್ಲ.

ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಯಾರ ಶಾಪದಿಂದಲೂ ಬರುವುದಿಲ್ಲ. ಹೊಟ್ಟೆಯೊಳಗಿನ ಅಥವಾ ಶ್ವಾಸಕೋಶದೊಳಗಿನ ಕ್ಯಾನ್ಸರನ್ನು ಪತ್ತೆಮಾಡಲು ದೊಡ್ಡ ಯಂತ್ರಗಳು ಬೇಕು. ಬಾಯಿಯಾದರೋ ತೆರೆದರೆ ಕಾಣುವ ಅಂಗ. ಒಳ್ಳೆಯ ಬೆಳಕು, ಒಂದು ಪುಟ್ಟ ಕನ್ನಡಿ, ಅನುಭವವುಳ್ಳ ಕಣ್ಣು ಮತ್ತು ಬೆರಳುಗಳಿದ್ದರೆ ರೋಗದ ಮೊದಲ ಗುರುತನ್ನು ಕಂಡುಹಿಡಿಯಬಹುದು. ಇಷ್ಟು ಸುಲಭವಾಗಿ ಕಾಣುವ ರೋಗವನ್ನು ತಡವಾಗಿ ಗುರುತಿಸಿ ಪ್ರಾಣ ಕಳೆದುಕೊಳ್ಳುವುದು ದುಃಖದ ಸಂಗತಿ.

2. ಯಾರಿಗೆ ಅಪಾಯ ಹೆಚ್ಚು?

ಹೊಗೆಸೊಪ್ಪು ಈ ರೋಗದ ಮುಖ್ಯ ಕಾರಣ. ಬೀಡಿ ಸಿಗರೇಟುಗಳಾಗಿ ಸೇದಲಿ, ಕಡ್ಡಿಪುಡಿಯಾಗಿ ಅಗಿಯಲಿ, ಸುಣ್ಣದೊಡನೆ ತಿಕ್ಕಿ ತುಟಿಯ ಹಿಂದೆ ಇಟ್ಟುಕೊಳ್ಳಲಿ, ನಶ್ಯವೆಂದು ಹಲ್ಲಿಗೆ ಉಜ್ಜಲಿ, ಅಪಾಯ ತಪ್ಪಿದ್ದಲ್ಲ. ಹೊಗೆಸೊಪ್ಪನ್ನು ಯಾವ ಕಡೆಯ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ಅಭ್ಯಾಸವಿದೆಯೋ ಅದೇ ಕಡೆಯಲ್ಲಿ ಮಚ್ಚೆ ಅಥವಾ ಹುಣ್ಣು ಏಳುವುದನ್ನು ವೈದ್ಯರು ಅನೇಕ ವೇಳೆ ಕಾಣುತ್ತಾರೆ. ಹೊಗೆಸೊಪ್ಪಿನ ಜೊತೆಗೆ ಮದ್ಯಪಾನವೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಅಡಿಕೆಯ ವಿಷಯವಾಗಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ತಾಂಬೂಲವಿಲ್ಲದೆ ನಮ್ಮಲ್ಲಿ ಮದುವೆ ಇಲ್ಲ, ಅತಿಥಿ ಸತ್ಕಾರವಿಲ್ಲ. ಹೀಗಿದ್ದರೂ, ಹೊಗೆಸೊಪ್ಪು ಬೆರೆಸದ ಎಲೆ ಅಡಿಕೆಯನ್ನು ಅಗಿಯುವುದರಿಂದಲೂ ಕ್ಯಾನ್ಸರ್ ಬರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೀರ್ಮಾನಿಸಿದೆ. ದೇವರ ಮುಂದೆ ಇಟ್ಟು ನಮಸ್ಕರಿಸುವ ತಾಂಬೂಲದಿಂದ ಯಾರಿಗೂ ಕೇಡಿಲ್ಲ. ಮುಂಜಾನೆಯಿಂದ ರಾತ್ರಿಯವರೆಗೆ ಬಾಯಿಯಲ್ಲಿ ತುಂಬಿಕೊಳ್ಳುವ ಅಭ್ಯಾಸದಿಂದ ಕೇಡುಂಟು. ಗುಟ್ಕಾ ಮಾರಾಟವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಆದರೆ ಪಾನ್ ಮಸಾಲೆಯ ಪೊಟ್ಟಣವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಬೇರೆ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವವರಿಗೆ ಅದೇ ಅಪಾಯ ಕಾದಿರುತ್ತದೆ.

ಹೆಂಗಸರು ಬೀಡಿ ಸೇದುವುದಿಲ್ಲವೆಂದು ನಿಶ್ಚಿಂತರಾಗಿರುವ ಹಾಗಿಲ್ಲ. ಹಸಿವು ಮರೆಯಲೆಂದೋ, ಕಳೆ ಕೀಳುವಾಗಿನ ದಣಿವು ಕಳೆಯಲೆಂದೋ, ಹಲ್ಲುನೋವಿಗೆಂದೋ ಆರಂಭವಾದ ಎಲೆ, ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಎಷ್ಟೋ ಗೃಹಿಣಿಯರಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಬೇರೂರಿರುತ್ತದೆ.

3. ಕಡೆಗಣಿಸಬಾರದ ಗುರುತುಗಳು

ಕೆಳಗಿನ ಗುರುತುಗಳಲ್ಲಿ ಯಾವುದೇ ಒಂದು ಎರಡು ವಾರ ಕಳೆದರೂ ಹೋಗದಿದ್ದಲ್ಲಿ ವೈದ್ಯರಿಗೆ ತೋರಿಸತಕ್ಕದ್ದು.

(ಅ) ಉಜ್ಜಿದರೂ ಹೋಗದ ಬಿಳಿಯ ಮಚ್ಚೆ.
(ಆ) ಮಕಮಲ್ಲಿನಂತೆ ಕಾಣುವ ಕೆಂಪು ಮಚ್ಚೆ. ಇದು ಬಿಳಿ ಮಚ್ಚೆಗಿಂತ ಅಪರೂಪ, ಆದರೆ ಹೆಚ್ಚು ಅಪಾಯಕರ.
(ಇ) ಮಾಯದ ಹುಣ್ಣು. ನೋವಿಲ್ಲದಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.
(ಈ) ಬಾಯಿಯಲ್ಲಿ ಗಂಟು, ದಪ್ಪವಾದ ಅಥವಾ ಗಡುಸಾದ ಭಾಗ.
(ಉ) ಖಾರ ತಗುಲಿದರೆ ಉರಿ, ಮತ್ತು ಬಾಯಿ ತೆರೆಯುವುದು ದಿನದಿಂದ ದಿನಕ್ಕೆ ಕಡಿಮೆಯಾಗುವುದು.
(ಊ) ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ಅಥವಾ ಹಲ್ಲು ಕಿತ್ತ ಜಾಗ ಮಾಯದಿರುವುದು.
(ಋ) ನಾಲಗೆ ಹೊರಳದಿರುವುದು, ತುಟಿ ಅಥವಾ ಗಲ್ಲ ಮರಗಟ್ಟುವುದು, ನುಂಗಲು ಕಷ್ಟವಾಗುವುದು, ದನಿ ಬದಲಾಗುವುದು.
(ಎ) ಕುತ್ತಿಗೆಯಲ್ಲಿ ಕರಗದ ಗಂಟು.

ಈ ಗುರುತುಗಳಿರುವ ಎಲ್ಲರಿಗೂ ಕ್ಯಾನ್ಸರ್ ಇರುತ್ತದೆಂದು ಅರ್ಥವಲ್ಲ. ಬಹುಪಾಲು ಮಚ್ಚೆಗಳು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು.

4. ಎಲ್ಲಿಗೆ ಹೋಗಬೇಕು? ಏನು ಕೇಳಬೇಕು?

ಮೂವತ್ತು ವರ್ಷ ದಾಟಿದ ಗಂಡಸರು ಹೆಂಗಸರೆಲ್ಲರ ಬಾಯಿಯನ್ನು ಐದು ವರ್ಷಗಳಿಗೊಮ್ಮೆಯಾದರೂ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೇಲೆ ಹೇಳಿದ ಅಭ್ಯಾಸಗಳುಳ್ಳವರು ಅಷ್ಟು ಕಾಲ ಕಾಯದೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳುವುದು ಕ್ಷೇಮಕರ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಮೊದಲ ನೋಟದ ಪರೀಕ್ಷೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುತ್ತದೆ. 2023ರಿಂದ ಇಂತಹ ಕೇಂದ್ರಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರು ಬಂದಿದೆ. ಸಂಶಯವಿದ್ದವರನ್ನು ಅಲ್ಲಿಂದ ದಂತವೈದ್ಯರಿರುವ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಅಥವಾ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನೀವು ನೇರವಾಗಿಯೂ ಹೋಗಬಹುದು.

ಹಲ್ಲುನೋವಿಗೆಂದು ಹೋದಾಗಲೂ ಈ ಪರೀಕ್ಷೆಯನ್ನು ಕೇಳಿ ಪಡೆಯಬಹುದು. ಹೊರಗೆ ಸಾಲು ಉದ್ದವಾಗಿದ್ದಾಗ, ತೋರಿಸಿದ ಹಲ್ಲಿನ ಮೇಲೆಯೇ ವೈದ್ಯರ ಗಮನ ನೆಲೆಸುವುದು ಸಹಜ. ಆದುದರಿಂದ ಸಂಕೋಚಪಡದೆ ಹೀಗೆ ಹೇಳಿರಿ: “ಡಾಕ್ಟರೇ, ಹಲ್ಲಿನ ಜೊತೆಗೆ ನನ್ನ ಇಡೀ ಬಾಯಿಯನ್ನೂ ಕುತ್ತಿಗೆಯನ್ನೂ ಕ್ಯಾನ್ಸರಿನ ಗುರುತುಗಳಿಗಾಗಿ ನೋಡಿಬಿಡಿ.” ಇದು ಸಲುಗೆಯ ಮಾತಲ್ಲ, ರೋಗಿಯು ಕೇಳಬೇಕಾದ ಮಾತೇ ಆಗಿದೆ.

ಹೋಗುವ ದಿನ ಎಲೆ ಅಡಿಕೆ ಹಾಕಿಕೊಳ್ಳಬೇಡಿರಿ. ಅದರ ಕೆಂಪು ಬಣ್ಣವು ಒಳಗಿನ ಮಚ್ಚೆಯನ್ನು ಮರೆಮಾಡುತ್ತದೆ. ಚೆನ್ನಾಗಿ ಬಾಯಿ ಮುಕ್ಕಳಿಸಿ ಹೋಗಿರಿ. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದಲ್ಲಿ ಅದನ್ನು ತೆಗೆದಿಡಲು ಸಿದ್ಧರಾಗಿರಿ.

5. ಪೂರ್ಣ ಪರೀಕ್ಷೆ ನಡೆಯುವ ಕ್ರಮ

ಈ ಪರೀಕ್ಷೆಗೆ ಕೆಲವೇ ನಿಮಿಷಗಳು ಸಾಕು. ಚುಚ್ಚುಮದ್ದಿಲ್ಲ, ನೋವಿಲ್ಲ. ಕ್ರಮವನ್ನು ಮೊದಲೇ ಅರಿತಿದ್ದರೆ ಭಯವೂ ಇರುವುದಿಲ್ಲ. ಯಾವ ಭಾಗ ಬಿಟ್ಟುಹೋಯಿತೆಂಬುದೂ ನಿಮಗೇ ತಿಳಿಯುತ್ತದೆ.

ಮೊದಲನೆಯದು, ವಿಚಾರಣೆ. ಏನು ಅಗಿಯುತ್ತೀರಿ, ಏನು ಸೇದುತ್ತೀರಿ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷಗಳಿಂದ, ಯಾವ ಕಡೆಯ ದವಡೆಯಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ವೈದ್ಯರು ಕೇಳುತ್ತಾರೆ. ಇಲ್ಲಿ ಮುಚ್ಚುಮರೆ ಸಲ್ಲದು. ಅತ್ತೆ ಮಾವಂದಿರ ಎದುರು ಹೇಳಲು ಸೊಸೆಗೆ ನಾಚಿಕೆಯಾದರೆ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಬಹುದು. ವೈದ್ಯರು ಕೇಳುವುದು ಬೈಯಲೆಂದಲ್ಲ, ಎಲ್ಲಿ ಹೆಚ್ಚು ಗಮನವಿಟ್ಟು ನೋಡಬೇಕೆಂದು ತಿಳಿಯಲು.

ಎರಡನೆಯದು, ಮುಖ ಮತ್ತು ಕುತ್ತಿಗೆ. ಮುಖದ ಎರಡು ಬದಿಗಳೂ ಸಮನಾಗಿವೆಯೇ ಎಂದು ನೋಡಿ, ದವಡೆಯ ಕೆಳಗೆ, ಕಿವಿಯ ಹಿಂದೆ, ಕುತ್ತಿಗೆಯ ಇಕ್ಕೆಲಗಳಲ್ಲಿ ಬೆರಳುಗಳಿಂದ ಮೃದುವಾಗಿ ಒತ್ತಿ ನೋಡುತ್ತಾರೆ. ಬಾಯಿಯ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಸೇರುವುದು ಕುತ್ತಿಗೆಯ ಗ್ರಂಥಿಗಳಿಗೆ. ಆದುದರಿಂದ ಕುತ್ತಿಗೆಯನ್ನು ಮುಟ್ಟಿ ನೋಡದ ಪರೀಕ್ಷೆ ಪೂರ್ಣವೆನಿಸದು.

ಮೂರನೆಯದು, ಬಾಯಿಯ ತೆರಪು. ಬಾಯನ್ನು ಸಾಧ್ಯವಾದಷ್ಟು ಅಗಲವಾಗಿ ತೆರೆಯಲು ಹೇಳುತ್ತಾರೆ. ಆರೋಗ್ಯವಂತರ ಬಾಯಿಯಲ್ಲಿ ಅವರವೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಿಡಿಸುತ್ತವೆ. ಎರಡೇ ಹಿಡಿಸಿದರೆ ಅಡಿಕೆಯ ದೆಸೆಯಿಂದ ಕೆನ್ನೆಯ ಒಳಪದರ ಗಡುಸಾಗಿ ನಾರುಕಟ್ಟುತ್ತಿರಬಹುದು. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ.

ನಾಲ್ಕನೆಯದು, ತುಟಿ, ಕೆನ್ನೆ, ವಸಡು. ತುಟಿಗಳನ್ನು ಮಡಿಚಿ ಒಳಭಾಗ ನೋಡುತ್ತಾರೆ. ಕನ್ನಡಿಯಿಂದ ಕೆನ್ನೆಯನ್ನು ಹೊರಕ್ಕೆ ಸರಿಸಿ, ಬಾಯಿಯ ಮೂಲೆಯಿಂದ ಕೊನೆಯ ದವಡೆ ಹಲ್ಲಿನ ಹಿಂಭಾಗದವರೆಗೂ, ಎರಡು ಕಡೆಯಲ್ಲೂ ಪರಿಶೀಲಿಸುತ್ತಾರೆ. ವಸಡು ಮತ್ತು ಕೆನ್ನೆ ಸೇರುವ ಸಂದಿ ಹೊಗೆಸೊಪ್ಪು ಕೂರುವ ಸ್ಥಳವಾದುದರಿಂದ ಅದನ್ನು ವಿಶೇಷವಾಗಿ ನೋಡಬೇಕು.

ಐದನೆಯದು, ನಾಲಗೆ. ಇದು ಬಹಳ ಮುಖ್ಯವಾದ ಹಂತ. ನಾಲಗೆಯನ್ನು ಹೊರಚಾಚಿದಾಗ ಮೇಲ್ಭಾಗ ಮಾತ್ರ ಕಾಣುತ್ತದೆ. ರೋಗ ಹೆಚ್ಚಾಗಿ ಅಡಗುವುದು ಎರಡು ಬದಿಯ ಅಂಚುಗಳ ಹಿಂಭಾಗದಲ್ಲಿ. ಆದುದರಿಂದ ವೈದ್ಯರು ನಾಲಗೆಯ ತುದಿಯನ್ನು ಶುದ್ಧವಾದ ಬಟ್ಟೆಯ ತುಂಡಿನಿಂದ ಹಿಡಿದು, ಮೆಲ್ಲನೆ ಹೊರಕ್ಕೆಳೆದು, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತಾರೆ. ಸ್ವಲ್ಪ ಓಕರಿಕೆ ಬಂದೀತು. ಮೂಗಿನಿಂದ ಉಸಿರಾಡಿದರೆ ಕಡಿಮೆಯಾಗುತ್ತದೆ.

ಆರನೆಯದು, ನಾಲಗೆಯ ಅಡಿಭಾಗ. ನಾಲಗೆಯ ತುದಿಯನ್ನು ಅಂಗಳಿಗೆ ಮುಟ್ಟಿಸಲು ಹೇಳಿ ಕೆಳಗಿನ ತಳವನ್ನು ನೋಡುತ್ತಾರೆ. ಒಂದು ಬೆರಳನ್ನು ಬಾಯಿಯೊಳಗೂ ಇನ್ನೊಂದು ಕೈಯನ್ನು ಗಲ್ಲದ ಕೆಳಗೂ ಇಟ್ಟು ಒತ್ತಿ, ಕಣ್ಣಿಗೆ ಕಾಣದ ಗಂಟು ಇದೆಯೇ ಎಂದು ಪರೀಕ್ಷಿಸುತ್ತಾರೆ.

ಏಳನೆಯದು, ಅಂಗಳು ಮತ್ತು ಗಂಟಲು. ತಲೆಯನ್ನು ಹಿಂದಕ್ಕೆ ಬಾಗಿಸಿ ಅಂಗಳನ್ನು ನೋಡುತ್ತಾರೆ. “ಆ” ಎಂದು ಹೇಳಿಸಿ ಕಿರುನಾಲಗೆ ಮತ್ತು ಗಂಟಲ ಬಾಗಿಲನ್ನು ಪರಿಶೀಲಿಸುತ್ತಾರೆ.

ಕೊನೆಯದಾಗಿ, ಕಂಡದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಮಚ್ಚೆ ಯಾವ ಜಾಗದಲ್ಲಿದೆ, ಎಷ್ಟು ಅಗಲವಿದೆ ಎಂಬುದು ಬರವಣಿಗೆಯಲ್ಲಿದ್ದರೆ, ಮುಂದಿನ ಸಲ ಅದು ಬೆಳೆದಿದೆಯೋ ಕುಗ್ಗಿದೆಯೋ ತಿಳಿಯುತ್ತದೆ. ಏನೂ ಇಲ್ಲವೆಂದರೂ ಮುಂದೆ ಯಾವಾಗ ಬರಬೇಕೆಂದು ಕೇಳಿ ಗುರುತು ಹಾಕಿಕೊಳ್ಳಿರಿ.

6. ಸಂಶಯ ಕಂಡುಬಂದರೆ ಮುಂದೇನು?

ಮೊನಚಾದ ಹಲ್ಲು ತಗುಲಿ ಹುಣ್ಣಾಗಿದ್ದರೆ ಆ ಹಲ್ಲನ್ನು ನಯಗೊಳಿಸಿ, ಎರಡು ವಾರಗಳ ನಂತರ ಮತ್ತೆ ಬರಲು ಹೇಳುತ್ತಾರೆ. ಹುಣ್ಣು ಮಾಯದಿದ್ದಲ್ಲಿ, ಅಥವಾ ಮಚ್ಚೆಯ ಲಕ್ಷಣ ಸಂಶಯಾಸ್ಪದವಾಗಿದ್ದಲ್ಲಿ, ಬಯಾಪ್ಸಿ ಮಾಡಬೇಕಾಗುತ್ತದೆ. ಜಾಗವನ್ನು ಸೂಜಿಮದ್ದಿನಿಂದ ಮರಗಟ್ಟಿಸಿ, ಅಕ್ಕಿಕಾಳಿನಷ್ಟು ಚಿಕ್ಕ ಚೂರನ್ನು ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುವುದೇ ಬಯಾಪ್ಸಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ನಿಶ್ಚಯವಾಗಿ ಹೇಳುವುದು ಈ ಪರೀಕ್ಷೆಯೇ. ಬರಿಗಣ್ಣಿನ ನೋಟದಿಂದ ಸಂಶಯವನ್ನು ಮಾತ್ರ ಪಡಬಹುದು.

ರೋಗ ನಿಜವಾದಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಕೆಲವೊಮ್ಮೆ ಔಷಧಿ ಚಿಕಿತ್ಸೆ ಇವೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಈ ರೋಗಕ್ಕಾಗಿಯೇ ಮೀಸಲಾದ ಸರ್ಕಾರಿ ಆಸ್ಪತ್ರೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆಯ ನೆರವುಂಟು. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಮರೆಯದೆ ಕೊಂಡೊಯ್ಯಿರಿ.

ಈಗ ಎರಡು ಮನೆಗಳನ್ನು ಊಹಿಸಿಕೊಳ್ಳಿರಿ. ಒಂದು ಮನೆಯ ಯಜಮಾನನ ನಾಲಗೆಯ ಅಂಚಿನಲ್ಲಿ ಕಡಲೆಕಾಳಿನಷ್ಟು ಹುಣ್ಣು ಕಂಡಾಗಲೇ ರೋಗ ಪತ್ತೆಯಾಗುತ್ತದೆ. ಆ ಭಾಗವನ್ನೂ ಸುತ್ತಲಿನ ಸ್ವಲ್ಪ ಭಾಗವನ್ನೂ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಇಂತಹವರಲ್ಲಿ ಬಹುಪಾಲು ಮಂದಿ ಗುಣಹೊಂದಿ, ಎಂದಿನಂತೆ ಉಂಡು, ಮಾತನಾಡಿ, ದುಡಿಯುತ್ತಾರೆ. ಇನ್ನೊಂದು ಮನೆಯಲ್ಲಿ ಅದೇ ಹುಣ್ಣಿಗೆ ಅರಿಸಿನ ಹಚ್ಚುತ್ತ, ಮಾತ್ರೆ ನುಂಗುತ್ತ, ಸುಗ್ಗಿ ಮುಗಿಯಲೆಂದು ಕಾಯುತ್ತ ಎಂಟು ತಿಂಗಳು ಕಳೆಯುತ್ತವೆ. ಕುತ್ತಿಗೆಯಲ್ಲಿ ಗಂಟು ಕಾಣಿಸುತ್ತದೆ. ಆಗ ನಾಲಗೆಯ ದೊಡ್ಡ ಭಾಗವನ್ನೇ ತೆಗೆಯಬೇಕಾಗಬಹುದು. ವಿಕಿರಣ ಚಿಕಿತ್ಸೆಗಾಗಿ ವಾರಗಟ್ಟಲೆ ಪರಊರಿನಲ್ಲಿ ನಿಲ್ಲಬೇಕಾಗಬಹುದು. ಜಮೀನು ಒತ್ತೆ ಬೀಳಬಹುದು. ಇಷ್ಟಾದರೂ ಪ್ರಾಣದ ಭರವಸೆ ಕಡಿಮೆ. ರೋಗ ಒಂದೇ. ಅಂತರವೆಲ್ಲ ತೋರಿಸಿದ ಸಮಯದ್ದು.

7. ನೋಡುವುದರಿಂದ ನಿಜವಾಗಿ ಪ್ರಾಣ ಉಳಿಯುವುದೇ?

ಈ ಪ್ರಶ್ನೆಗೆ ಉತ್ತರ ನಮ್ಮ ನೆರೆಯ ಕೇರಳದಲ್ಲಿಯೇ ದೊರೆತಿದೆ. ತಿರುವನಂತಪುರ ಜಿಲ್ಲೆಯ ಹದಿಮೂರು ಪಂಚಾಯತಿಗಳಲ್ಲಿ 1996ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. ಮೂವತ್ತೈದು ವರ್ಷ ಮೀರಿದ ಸುಮಾರು 1,90,000 ಮಂದಿ ಅದರಲ್ಲಿ ಸೇರಿದ್ದರು. ಕೆಲವು ಪಂಚಾಯತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ, ಮೂರು ವರ್ಷಗಳಿಗೊಮ್ಮೆಯಂತೆ ಮೂರು ಸುತ್ತು ಜನರ ಬಾಯಿಗಳನ್ನು ಬರಿಗಣ್ಣಿನಿಂದ ಪರೀಕ್ಷಿಸಿದರು. ಉಳಿದವುಗಳಲ್ಲಿ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ, ಪರೀಕ್ಷೆ ನಡೆದ ಕಡೆ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿದ್ದವು. ಈ ಲಾಭ ಕಂಡುಬಂದದ್ದು ಮುಖ್ಯವಾಗಿ ಅಭ್ಯಾಸವುಳ್ಳವರಲ್ಲಿ. ಆದುದರಿಂದ “ನನಗೆ ಅಭ್ಯಾಸವಿದೆ, ಏನು ಹೇಳುತ್ತಾರೋ” ಎಂದು ಹಿಂಜರಿಯುವವರೇ ಎಲ್ಲರಿಗಿಂತ ಮೊದಲು ಹೋಗಬೇಕಾದವರು.

8. ಮನೆಯಲ್ಲಿ ದಂಪತಿಗಳು ಮಾಡಬಹುದಾದದ್ದು

ತಿಂಗಳಿಗೊಮ್ಮೆ ಹಗಲಿನ ಬೆಳಕಿನಲ್ಲಿ, ಜಗುಲಿಯ ಮೇಲೆ ಕುಳಿತು, ಗಂಡನ ಬಾಯನ್ನು ಹೆಂಡತಿಯೂ ಹೆಂಡತಿಯ ಬಾಯನ್ನು ಗಂಡನೂ ನೋಡಿರಿ. ತನ್ನ ನಾಲಗೆಯ ಹಿಂಭಾಗ ತನಗೆ ಕಾಣುವುದಿಲ್ಲ, ಜೊತೆಗಾರರಿಗೆ ಕಾಣುತ್ತದೆ. ಕೈ ತೊಳೆದು, ಕೆನ್ನೆಯನ್ನು ಬೆರಳಿನಿಂದ ಸರಿಸಿ ನೋಡಿದರೆ ಸಾಕು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಪೂರಕ.

“ನೋವೇ ಇಲ್ಲವಲ್ಲ, ಒಂದು ದಿನದ ಕೂಲಿ ಯಾಕೆ ಕೆಡಿಸಿಕೊಳ್ಳಲಿ?” ಎಂದು ಗಂಡ ಕೇಳಬಹುದು. “ನೋವಿಲ್ಲದಾಗಲೇ ತೋರಿಸಬೇಕಂತೆ ರೀ. ಸಂತೆಯ ದಿನ ತಾಲ್ಲೂಕಿಗೆ ಹೇಗೂ ಹೋಗುತ್ತೇವೆ, ಇಬ್ಬರೂ ತೋರಿಸಿಕೊಂಡು ಬರೋಣ” ಎಂದು ಹೆಂಡತಿ ಹೇಳಬಹುದು. ಇಂತಹ ಒಂದು ಮಾತಿನಿಂದ ಮನೆ ಉಳಿದೀತು.

ಅಭ್ಯಾಸವನ್ನು ಬಿಡಲು ಇಬ್ಬರೂ ಒಟ್ಟಿಗೆ ಸಂಕಲ್ಪ ಮಾಡಿರಿ. ಹಂಗಿಸುವುದರಿಂದ ಯಾರೂ ಬಿಡುವುದಿಲ್ಲ. ಅಗಿಯಬೇಕೆನಿಸಿದಾಗ ಸೋಂಪು, ಏಲಕ್ಕಿ ಬಾಯಿಗೆ ಹಾಕಿಕೊಳ್ಳಿರಿ. ಹೊಗೆಸೊಪ್ಪು ಬಿಡಲು ಸಲಹೆ ಬೇಕಾದವರಿಗೆ 1800-11-2356 ಎಂಬ ರಾಷ್ಟ್ರೀಯ ದೂರವಾಣಿ ಸೇವೆಯುಂಟು, ಕರೆಗೆ ಹಣವಿಲ್ಲ. ಬಿಟ್ಟ ಮೇಲೆ ಕೆಲವು ಬಿಳಿ ಮಚ್ಚೆಗಳು ತಾವಾಗಿಯೇ ಮರೆಯಾಗುವುದುಂಟು. ಆದರೂ ಪರೀಕ್ಷೆಯನ್ನು ನಿಲ್ಲಿಸಬಾರದು.

9. ಸಂಶಯಗಳು ಮತ್ತು ಸಮಾಧಾನಗಳು

ಪ್ರಶ್ನೆ: ಹುಣ್ಣಿಗೆ ಕತ್ತಿ ಸೋಕಿದರೆ ರೋಗ ಮೈಯೆಲ್ಲ ಹರಡುವುದಿಲ್ಲವೇ?
ಉತ್ತರ: ಇದು ತಪ್ಪು ಕಲ್ಪನೆ. ಬಯಾಪ್ಸಿಯಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಬಯಾಪ್ಸಿ ಮಾಡಿಸದೆ ಕಾಲ ಕಳೆದರೆ ಹರಡುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಎಂಬತ್ತು ವರ್ಷ ಬದುಕಿದಷ್ಟು ಕಾಲವೂ ಎಲೆ ಅಡಿಕೆ ತಿಂದರು. ಅವರಿಗೆ ಏನೂ ಆಗಲಿಲ್ಲವಲ್ಲ?
ಉತ್ತರ: ತಿಂದವರಿಗೆಲ್ಲ ರೋಗ ಬರುವುದಿಲ್ಲ. ಆದರೆ ಯಾರಿಗೆ ಬರುತ್ತದೆಂದು ಮೊದಲೇ ತಿಳಿಯುವ ಉಪಾಯವಿಲ್ಲ. ಆದುದರಿಂದಲೇ ಪರೀಕ್ಷೆ ಬೇಕು.

ಪ್ರಶ್ನೆ: ನನಗೆ ಯಾವ ಅಭ್ಯಾಸವೂ ಇಲ್ಲ. ಹುಣ್ಣಾದರೆ ತೋರಿಸಬೇಕೇ?
ಉತ್ತರ: ಎರಡು ವಾರದಲ್ಲಿ ಮಾಯದ ಹುಣ್ಣನ್ನು ಯಾರಾದರೂ ತೋರಿಸಲೇಬೇಕು.

ನೆನಪಿಡಬೇಕಾದ ಅಂಶಗಳು

1. ಬಾಯಿಯ ಕ್ಯಾನ್ಸರಿಗೆ ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ.
2. ಎರಡು ವಾರ ಕಳೆದರೂ ಮಾಯದ ಹುಣ್ಣು, ಮಚ್ಚೆ, ಗಂಟನ್ನು ವೈದ್ಯರಿಗೆ ತೋರಿಸಿರಿ.
3. ಮೂವತ್ತು ದಾಟಿದ ಮೇಲೆ ಬಾಯಿಯ ಪರೀಕ್ಷೆ ಮಾಡಿಸಿರಿ. ಅಭ್ಯಾಸವಿದ್ದರೆ ವರ್ಷಕ್ಕೊಮ್ಮೆ ಮಾಡಿಸಿರಿ.
4. ಹಲ್ಲಿಗೆಂದು ಹೋದಾಗಲೂ ಇಡೀ ಬಾಯಿ ಮತ್ತು ಕುತ್ತಿಗೆಯನ್ನು ನೋಡಲು ಕೇಳಿರಿ.
5. ಬಯಾಪ್ಸಿಗೆ ಹೆದರಬೇಡಿರಿ, ಹೇಳಿದ ದಿನ ತಪ್ಪದೆ ಮರಳಿ ಹೋಗಿರಿ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಹೊಗೆಸೊಪ್ಪು, ಅಡಿಕೆ, ಮದ್ಯದ ಅಭ್ಯಾಸ ಯಾರಿಗಿದೆ? ಎಷ್ಟು ವರ್ಷಗಳಿಂದ?
2. ನಮ್ಮ ಬಾಯಿಯಲ್ಲಿ ಮೂರು ಬೆರಳುಗಳು ಹಿಡಿಸುತ್ತವೆಯೇ?
3. ಪೂರ್ಣ ಪರೀಕ್ಷೆಯಲ್ಲಿ ನಾಲಗೆಯ ಯಾವ ಭಾಗವನ್ನು ತಪ್ಪದೆ ನೋಡಬೇಕು?
4. ನಮ್ಮ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಯಾವ ದಿನಗಳಲ್ಲಿ ಇರುತ್ತಾರೆ? ನಾವಿಬ್ಬರೂ ಯಾವ ದಿನ ಹೋಗಬಹುದು?

ಕೊನೆಯ ಪ್ರಶ್ನೆಯ ಉತ್ತರವನ್ನು ಮನೆಯ ಪಂಚಾಂಗದಲ್ಲಿ ಇಂದೇ ಗುರುತು ಮಾಡಿರಿ.